ಹೊಸ ಆ್ಯಪ್‌ನ ವಿಮರ್ಶೆ ಬರೆಯುವ ಮುನ್ನ ಏನೇನು ಪರೀಕ್ಷಿಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹೊಸದಾಗಿ ಆರಂಭವಾಗುವ ಜಾಲತಾಣಗಳನ್ನೂ ಮೊಬೈಲ್ ಆ್ಯಪ್‌ಗಳನ್ನೂ ಕನ್ನಡದಲ್ಲಿ ಪರಿಚಯಿಸಿ ಬರೆಯುತ್ತಿದ್ದೇನೆ. ಹೊಸ ಉತ್ಪನ್ನಗಳಿಗೆ ಬಳಕೆದಾರರು ಮತ ಹಾಕುವ ಪ್ರಾಡಕ್ಟ್ ಹಂಟ್ ಎಂಬ ಜಾಲತಾಣದ ದಿನದ ಪಟ್ಟಿಯಲ್ಲಿ ಮೇಲಿರುವ ಒಂದನ್ನು ಆರಿಸಿಕೊಂಡು, ಎರಡು ದಿನ ಬಳಸಿ, ಅಭಿಪ್ರಾಯ ಬರೆಯುವುದು ನನ್ನ ರೂಢಿ. ಹೀಗೆ ನಾನು ಮನಸಾರೆ ಹೊಗಳಿದ್ದ ಟಿಪ್ಪಣಿ ಆ್ಯಪ್ ಒಂದು ನಾಲ್ಕೇ ತಿಂಗಳಲ್ಲಿ ಬಾಗಿಲು ಹಾಕಿತು. ನನ್ನ ಮಾತು ನಂಬಿ ಅದರಲ್ಲಿ ನೂರಾರು ಟಿಪ್ಪಣಿಗಳನ್ನು ತುಂಬಿಟ್ಟಿದ್ದ ಓದುಗರೊಬ್ಬರಿಗೆ ಏನು ಉತ್ತರಿಸಬೇಕೆಂದು ತಿಳಿಯಲಿಲ್ಲ. ನಾನು ಎಲ್ಲಿ ತಪ್ಪಿದೆ?

ಉತ್ತರ 1

ಹುಡುಕುವ ಜಾಗದಿಂದಲೇ ಆರಂಭಿಸೋಣ. 2013ರಲ್ಲಿ ರಯಾನ್ ಹೂವರ್ ಅವರು ಒಂದು ಇಮೇಲ್ ಪಟ್ಟಿಯಾಗಿ ಆರಂಭಿಸಿದ ಪ್ರಾಡಕ್ಟ್ ಹಂಟ್‌ನಲ್ಲಿ ಸ್ಪರ್ಧೆ ನಡೆಯುವುದು ದಿನದ ಲೆಕ್ಕದಲ್ಲಿ. ಆ ಒಂದು ದಿನದೊಳಗೆ ತನ್ನ ಪರಿಚಿತರನ್ನೆಲ್ಲ ಕರೆತಂದು ಮತ ಹಾಕಿಸಬಲ್ಲ ತಂಡ ಮೇಲೇರುತ್ತದೆ; ಅಲ್ಲಿನ ಸ್ಥಾನ ಪ್ರಚಾರದ ಸಿದ್ಧತೆಯನ್ನು ತೋರಿಸುತ್ತದೆಯೇ ಹೊರತು ಆ್ಯಪ್‌ನ ಬಾಳಿಕೆಯನ್ನಲ್ಲ. ತಂತ್ರಜ್ಞರ ಚರ್ಚಾತಾಣವಾದ ಹ್ಯಾಕರ್ ನ್ಯೂಸ್‌ನಲ್ಲಿ, ತಾವು ತಯಾರಿಸಿದ್ದನ್ನು ತೋರಿಸುವವರಿಗಾಗಿ ಇರುವ ‘ಶೋ ಎಚ್‌ಎನ್’ ವಿಭಾಗವನ್ನೂ ನೋಡಿ. ಬಳಸಿ ನೋಡಲು ಏನೂ ಇಲ್ಲದೆ, ಹೆಸರು ನೋಂದಾಯಿಸಿ ಕಾಯಿರಿ ಎನ್ನುವ ಪುಟಗಳಿಗೆ ಅಲ್ಲಿ ಅವಕಾಶವಿಲ್ಲ. ಮತಗಳಿಗಿಂತ ಅಲ್ಲಿನ ಪ್ರಶ್ನೆಗಳನ್ನೂ, ತಯಾರಕರು ಅವಕ್ಕೆ ಕೊಡುವ (ಅಥವಾ ಜಾರಿಕೊಳ್ಳುವ) ಉತ್ತರಗಳನ್ನೂ ಓದುವುದು ಹೆಚ್ಚು ಉಪಯುಕ್ತ.

ಉತ್ತರ 2

ಆ್ಯಪ್ ಅಂಗಡಿಗಳಲ್ಲಿ ಬಳಕೆದಾರರು ಕೊಡುವ ನಕ್ಷತ್ರಗಳನ್ನೂ ಕಣ್ಣುಮುಚ್ಚಿ ನಂಬಬೇಡಿ. ಹೊಸ ಆವೃತ್ತಿ ಬಿಡುಗಡೆಯಾಗುವಾಗ ಹಳೆಯ ಸರಾಸರಿಯನ್ನು ಅಳಿಸಿ ಹೊಸದಾಗಿ ಎಣಿಕೆ ಆರಂಭಿಸಲು ಆಪಲ್ ಕಂಪನಿಯು ಆ್ಯಪ್ ತಯಾರಕರಿಗೆ ಅವಕಾಶ ಕೊಟ್ಟಿದೆ. ಗೂಗಲ್ ಪ್ಲೇ 2019ರಿಂದ ಇತ್ತೀಚಿನ ರೇಟಿಂಗ್‌ಗಳಿಗೆ ಹೆಚ್ಚು ತೂಕ ಕೊಡುತ್ತಿದೆ. ಹಾಗಾಗಿ 4.8 ಎಂಬ ಅಂಕಿ ಕೆಲವೇ ವಾರಗಳ ಕಥೆಯಾಗಿರಬಹುದು. ನಾನಂತೂ ಎರಡು, ಮೂರು ನಕ್ಷತ್ರ ಕೊಟ್ಟವರನ್ನೇ ಮೊದಲು ಓದುತ್ತೇನೆ, ಏಕೆಂದರೆ ಸಿಟ್ಟಿನಲ್ಲಿ ಬರೆದವರಿಗಿಂತ ಬಳಸಿ ಬೇಸತ್ತವರು ವಿವರ ಕೊಡುತ್ತಾರೆ.

ಉತ್ತರ 3

ಮೇಲಿನ ಇಬ್ಬರ ಮಾತೂ ಸರಿ, ಆದರೆ ನಿಮ್ಮ ಓದುಗರಿಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಒಳಗೆ ಹೋಗುವ ದಾರಿಯನ್ನು ಎಲ್ಲರೂ ವಿಮರ್ಶಿಸುತ್ತಾರೆ. ಹೊರಗೆ ಬರುವ ದಾರಿಯನ್ನು ಪರೀಕ್ಷಿಸುವವರು ವಿರಳ. ಒಮ್ಮೆ ನಾನು ಇಂಥದ್ದೇ ಆ್ಯಪ್‌ನಿಂದ ನನ್ನ ಟಿಪ್ಪಣಿಗಳನ್ನೆಲ್ಲ ಡೌನ್‌ಲೋಡ್ ಮಾಡಿಕೊಂಡೆ. ಜಿಪ್ ಕಡತ ಬಂತು, ಬರಹವೆಲ್ಲ ಅದರಲ್ಲಿತ್ತು, ನೆಮ್ಮದಿಯಾಯಿತು. ಇಂಟರ್ನೆಟ್ ಸಂಪರ್ಕ ಕಡಿದು ಅದೇ ಕಡತವನ್ನು ತೆರೆದಾಗ ಚಿತ್ರಗಳಿರಬೇಕಾದ ಕಡೆಯೆಲ್ಲ ಖಾಲಿ ಚೌಕಗಳು! ಚಿತ್ರಗಳು ಕಡತದಲ್ಲಿರಲೇ ಇಲ್ಲ. ಇದ್ದದ್ದು ಆ ಕಂಪನಿಯ ಸರ್ವರ್‌ಗೆ ಹೋಗುವ ಕೊಂಡಿಗಳು ಮಾತ್ರ. ಸರ್ವರ್ ನಿಂತ ದಿನ ಅವೂ ಹೋಗುತ್ತಿದ್ದವು.

ಅಂದಿನಿಂದ ಮೊದಲ ದಿನವೇ ಹತ್ತು ಟಿಪ್ಪಣಿ, ಎರಡು ಚಿತ್ರ ಸೇರಿಸಿ, ಎಲ್ಲವನ್ನೂ ಹೊರತೆಗೆದು, ಇಂಟರ್ನೆಟ್ ಇಲ್ಲದೆ ತೆರೆದು ನೋಡುತ್ತೇನೆ. ಖಾತೆಯನ್ನು ಅಳಿಸಿಯೂ ನೋಡುತ್ತೇನೆ. ಖಾತೆ ತೆರೆಯಲು ಬಿಡುವ ಆ್ಯಪ್‌ನೊಳಗೇ ಅದನ್ನು ಅಳಿಸುವ ಸೌಲಭ್ಯವೂ ಇರಬೇಕೆಂದು ಆಪಲ್ 2022ರ ಜೂನ್ 30ರಿಂದ ಕಡ್ಡಾಯಗೊಳಿಸಿದ್ದರೂ ಆ ಗುಂಡಿ ಎಷ್ಟು ಆಳದಲ್ಲಿ ಅಡಗಿದೆ ಎಂಬುದೇ ಬಹಳ ಹೇಳುತ್ತದೆ. ಕಂಪನಿ ದೊಡ್ಡದು ಎಂಬುದು ಇಲ್ಲಿ ಭರವಸೆಯಲ್ಲ. ಹಲವು ಜಾಲತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ಓದಲು ಕೊಡುತ್ತಿದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ಮುಚ್ಚಿತು, ಆದರೆ ಬಳಕೆದಾರರು ತಾವು ಅಲ್ಲಿ ಓದುತ್ತಿದ್ದ ತಾಣಗಳ ಪಟ್ಟಿಯನ್ನು ಬೇರೆ ಸೇವೆಗೆ ಒಯ್ಯಲು ಸಾಧ್ಯವಾಯಿತು. ನಿಮ್ಮ ಓದುಗರಿಗೆ ಬೇಕಾಗಿದ್ದುದು ಅಷ್ಟೇ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ನಾನು ಹೊರತೆಗೆಯುವ ಗುಂಡಿಯನ್ನು ಒತ್ತಿಯೂ ನೋಡಿರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಹಳೆಯ ಹೊಗಳಿಕೆಯ ಬರಹವನ್ನು ತೆಗೆದುಬಿಡಲೇ?

ಉತ್ತರ 3

ಬೇಡ, ಹಾಗೆಯೇ ಇರಲಿ. ಬಳಸಿದ ದಿನಾಂಕ, ಆವೃತ್ತಿಯ ಸಂಖ್ಯೆ ಮತ್ತು ಸೇವೆ ನಿಂತಿರುವ ಸುದ್ದಿಯನ್ನು ಮೊದಲ ಸಾಲಿನಲ್ಲೇ ಸೇರಿಸಿ.