ಎಫೆಕ್ಟ್ ಸೈಜ್ ಲೆಕ್ಕಕ್ಕೆ ಯಾವ ಸಾಫ್ಟ್‌ವೇರ್?

ಪೊನ್ನಂಪೇಟೆಯವಳು:
ನೆರಳು ಜಾಸ್ತಿ ಇರುವ ಮತ್ತು ಕಡಿಮೆ ಇರುವ ಕಾಫಿ ತೋಟಗಳ ಇಳುವರಿ ಹೋಲಿಸಿದ ಪ್ರಬಂಧಗಳನ್ನು ಒಟ್ಟು ಹಾಕುತ್ತಿದ್ದೇನೆ. ಪ್ರತಿಯೊಂದರಲ್ಲೂ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಹೇಳುವ ಸಂಖ್ಯೆ, ಅಂದರೆ ಎಫೆಕ್ಟ್ ಸೈಜ್, ಬೇಕು. ಒಬ್ಬರು ಗಿಡಕ್ಕೆ ಇಷ್ಟು ಕಿಲೋ ಅಂತಾರೆ, ಇನ್ನೊಬ್ಬರು ಹೆಕ್ಟೇರಿಗೆ. ಕೆಲವರು ಹಣ್ಣು ತೂಗಿದ್ದಾರೆ, ಕೆಲವರು ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ, ಹೊಟ್ಟು ಇರುವ ಬೀಜ). ಎಸ್‌ಡಿ (ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವುದು) ಕೊಡದೆ ಬರೀ ಎಸ್‌ಇ (ಸರಾಸರಿಯ ಅಂದಾಜು ಎಷ್ಟು ಅಲ್ಲಾಡಬಹುದು ಅನ್ನುವುದು) ಕೊಟ್ಟು ಕೈತೊಳೆದುಕೊಂಡವರೂ ಇದ್ದಾರೆ! ದುಡ್ಡಿನ ಸಾಫ್ಟ್‌ವೇರ್ ಬೇಡ. ಮಳೆಗಾಲದಲ್ಲಿ ಇಲ್ಲಿ ಕರೆಂಟು, ನೆಟ್ಟು ಎರಡೂ ದೇವರ ಇಚ್ಛೆ. ಹಾಗಾಗಿ ಆನ್‌ಲೈನ್ ಕ್ಯಾಲ್ಕುಲೇಟರ್ ನಂಬಿ ಕೂರುವ ಹಾಗಿಲ್ಲ.

ಲೆಕ್ಕದ ಮೇಷ್ಟ್ರು:
ಅಂಕಿಅಂಶ ಲೆಕ್ಕದ 'ಆರ್' ಸಾಫ್ಟ್‌ವೇರ್ ಹಾಕಿಕೊಳ್ಳಿ, ಜೊತೆಗೆ ಅದರ 'ಮೆಟಾಫರ್' ಪ್ಯಾಕೇಜ್. ಎರಡೂ ಉಚಿತ. ಒಮ್ಮೆ ಇಳಿಸಿಕೊಂಡರೆ ನೆಟ್ ಬೇಡ. ಅದರ 'ಎಸ್ಕಾಲ್ಕ್' ಫಂಕ್ಷನ್‌ನಲ್ಲಿ ಅಳತೆ 'ಆರ್‌ಒಎಂ' ಅಂತ ಕೊಡಿ. ಎರಡು ಸರಾಸರಿಗಳ ಅನುಪಾತದ ಲಾಗ್ ಬರುತ್ತದೆ. ಒಂದೇ ಪ್ರಬಂಧದ ಎರಡೂ ಗುಂಪಿಗೆ ಒಂದೇ ಮಾನ ಇದ್ದರೆ ಸಾಕು, ಕಿಲೋ, ಹೆಕ್ಟೇರ್ ಜಗಳ ಮುಗಿಯಿತು. ಎಸ್‌ಇಯನ್ನು ಮಾದರಿ ಸಂಖ್ಯೆಯ ವರ್ಗಮೂಲದಿಂದ ಗುಣಿಸಿದರೆ ಎಸ್‌ಡಿ. 16 ಪ್ಲಾಟು, ಎಸ್‌ಇ 0.5 ಆದರೆ ಎಸ್‌ಡಿ 2.

ಮಡಿಕೇರಿ ಮಂಜು:
ಕೋಡ್ ಅಂದರೆ ತಲೆನೋವಾ ಅಕ್ಕ? ಜಾಸ್ಪ್ ನೋಡಿ, ಮೌಸ್‌ನಲ್ಲೇ ಕೆಲಸ ಆಗುತ್ತದೆ. ಮೆಟಾ ಅನಾಲಿಸಿಸ್‌ಗೆ (ಹಲವು ಪ್ರಬಂಧಗಳ ಫಲಿತಾಂಶ ಒಟ್ಟುಗೂಡಿಸುವ ಲೆಕ್ಕಕ್ಕೆ) ಒಳಗೆ ಓಡುವುದು ಅದೇ ಮೆಟಾಫರ್.

ಪೊನ್ನಂಪೇಟೆಯವಳು:
ಕೋಡ್ ಪರವಾಗಿಲ್ಲ. ಆದರೆ ಒಂದು ಪ್ರಬಂಧದಲ್ಲಿ ಸಿಲ್ವರ್ ಓಕ್, ಕಾಡುಮರ, ಹಾಲುವಾಣ ಮೂರನ್ನೂ ಒಂದೇ ಬಯಲು ಪ್ಲಾಟಿಗೆ ಹೋಲಿಸಿದ್ದಾರೆ. ಮೂರು ಸಾಲು ಹಾಕಲಾ?

ಲೆಕ್ಕದ ಮೇಷ್ಟ್ರು:
ಹಾಕಿ, ಆದರೆ ಸ್ವತಂತ್ರ ಅಂತ ಎಣಿಸಬೇಡಿ. ಮೂರಕ್ಕೂ ಹೋಲಿಕೆಯ ಬಯಲು ಪ್ಲಾಟು (ಕಂಟ್ರೋಲ್) ಒಂದೇ ಅಲ್ವಾ? ಮೆಟಾಫರ್‌ನ 'ವಿಕಾಲ್ಕ್' ಫಂಕ್ಷನ್‌ನಿಂದ ಕೋವೇರಿಯನ್ಸ್ (ಸಾಲುಗಳು ಎಷ್ಟು ಒಟ್ಟಿಗೆ ಏರಿಳಿಯುತ್ತವೆ ಅನ್ನುವ ಅಳತೆ) ತೆಗೆದು 'ಆರ್‌ಎಂಎ.ಎಂವಿ'ಗೆ ಕೊಡಿ. ಸಾಲುಗಳನ್ನು ಸ್ವತಂತ್ರ ಅಂತಲೇ ಎಣಿಸುವ 'ಆರ್‌ಎಂಎ' ಸುಮ್ನೆ ಓಡಿಸಿದರೆ ಆ ಒಂದು ಪ್ರಬಂಧದ ತೂಕ ಸಲ್ಲದಷ್ಟು ಏರುತ್ತದೆ.