ಆಲ್ಟರ್ನೇಟರ್ ಹಾಕಿದ ಮೇಲೆ ಹಳೇ ಆಮೀಟರ್ ಇಟ್ಕೋಬಹುದಾ?

ಪ್ರಶ್ನೆ:
ನನ್ನ ಹಳೇ ಟ್ರಕ್ಕಿಗೆ ಬ್ಯಾಟರಿ ಚಾರ್ಜ್ ಮಾಡೋ ಡೈನಮೋ ತೆಗೆದು, ಅದರ ಬದಲಿಗೆ 60 ಆಂಪ್ಸ್ ಆಲ್ಟರ್ನೇಟರ್ ಕೂರಿಸಿದ್ದೀನಿ. 12 ವೋಲ್ಟ್, ನೆಗೆಟಿವ್ ಅರ್ತ್ (ಬ್ಯಾಟರಿಯ ನೆಗೆಟಿವ್ ಬಾಡಿಗೆ). ಡ್ಯಾಶ್‌ಬೋರ್ಡಿನ 30-0-30 ಆಮೀಟರ್ (ಎರಡೂ ಕಡೆ 30 ಆಂಪ್ಸ್‌ವರೆಗೆ ಕರೆಂಟ್ ತೋರಿಸೋ ಮೀಟರ್) ಹಾಗೇ ಇದೆ. ಬ್ಯಾಟರಿ ಇಳಿದಿದ್ದಾಗ ಸ್ಟಾರ್ಟ್ ಮಾಡಿದರೆ ಮುಳ್ಳು ಕೊನೆಗೆ ಹೋಗಿ ನಿಲ್ಲುತ್ತೆ, ಹಿಂದಿನ ನಟ್ಟು ಮುಟ್ಟೋಕಾಗದಷ್ಟು ಬಿಸಿ. ಚಾರ್ಜಿಂಗ್ ಲೈಟಿಗೆ ಎಲ್‌ಇಡಿ ಹಾಕಿಸಿದ ಮೇಲೆ, ಜೋರಾಗಿ ರೇಸ್ ಕೊಟ್ಟರೇನೇ ಚಾರ್ಜ್ ಶುರುವಾಗೋದು. ಏನು ಮಾಡಲಿ?

ಉತ್ತರ 1:
ಆಮೀಟರ್ ಬಿಟ್ಟು ವೋಲ್ಟ್‌ಮೀಟರ್ ಹಾಕಿ.

ಉತ್ತರ 2:
ದಯವಿಟ್ಟು ಆ ಆಮೀಟರ್ ವೈರಿಂಗ್ ಸರಿ ಮಾಡೋವರೆಗೂ ಗಾಡಿ ಓಡಿಸಬೇಡಿ. ಬ್ಯಾಟರಿಗೆ ಹೋಗೋ ಕರೆಂಟೆಲ್ಲ ಆ ಮೀಟರ್ ಒಳಗೇ ಹಾದುಹೋಗುತ್ತೆ. ಎಷ್ಟೋ ಹಳೇ ಗಾಡಿಗಳಲ್ಲಿ ಆ ವೈರಿಗೆ ಫ್ಯೂಸೇ ಇರಲ್ಲ. ನಟ್ಟು ಬಿಸಿಯಾಗಿ ಇನ್ಸುಲೇಷನ್ ಕರಗಿದರೆ ಡ್ಯಾಶ್‌ಬೋರ್ಡಿಗೇ ಬೆಂಕಿ.

ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿ. ಮೀಟರಿನ ಎರಡು ವೈರ್ ಸೇರಿಸಿ ಸುಮ್ಮನಾಗಬೇಡಿ, ಆ ವೈರೂ ಡೈನಮೋ ಕಾಲದ್ದೇ. ಆಲ್ಟರ್ನೇಟರಿನಿಂದ ಬ್ಯಾಟರಿಗೆ ನೇರವಾಗಿ 16 ಸ್ಕ್ವೇರ್ ಎಂಎಂ ಕೇಬಲ್ ಎಳೀರಿ, ಬ್ಯಾಟರಿ ಪಕ್ಕದಲ್ಲೇ 80 ಆಂಪ್ಸ್ ಫ್ಯೂಸ್ ಇರಲಿ. ಲೈಟು, ಹಾರ್ನಿಗೆಲ್ಲ ಬ್ಯಾಟರಿಯಿಂದಲೇ ಫ್ಯೂಸ್ ಇರೋ ಬೇರೆ ಫೀಡ್ ಕೊಡಿ.

ವೋಲ್ಟ್‌ಮೀಟರಿಗೆ ಸಣ್ಣ ವೈರ್ ಸಾಕು, ಇಗ್ನಿಷನ್ ಸ್ವಿಚ್ ಆನ್ ಆದಾಗ ಬರೋ ಲೈನಿನಿಂದ. ಇಂಜಿನ್ ನಿಂತಾಗ ಸುಮಾರು 12.6 ವೋಲ್ಟ್, ಓಡುವಾಗ 13.8ರಿಂದ 14.4 ಇದ್ದರೆ ಸರಿ. 15 ದಾಟಿದರೆ ವೋಲ್ಟೇಜ್ ಹಿಡಿತದಲ್ಲಿಡೋ ರೆಗ್ಯುಲೇಟರ್ ನೋಡಿ.

ಇನ್ನು ಲೈಟು. ಆ ಬಲ್ಬ್ ಬರೀ ಸೂಚನೆಗಲ್ಲ, ಆಲ್ಟರ್ನೇಟರಿನ ಫೀಲ್ಡಿಗೆ (ಒಳಗಿನ ಅಯಸ್ಕಾಂತದ ಸುರುಳಿಗೆ) ಮೊದಲ ಕರೆಂಟ್ ಹೋಗೋದೇ ಅದರ ಮೂಲಕ. ಎಲ್‌ಇಡಿಯಲ್ಲಿ ಅಷ್ಟು ಕರೆಂಟ್ ಹಾಯಲ್ಲ, ಅದಕ್ಕೇ ನಿಮಗೆ ರೇಸ್ ಕೊಡಬೇಕಾಗ್ತಿರೋದು. 2.2 ವ್ಯಾಟ್ ಬಲ್ಬೇ ಹಾಕಿ. ಎಲ್‌ಇಡಿಯೇ ಬೇಕಂದ್ರೆ ಅದಕ್ಕೆ ಪ್ಯಾರಲಲ್ ಆಗಿ 68 ಓಮ್, 5 ವ್ಯಾಟ್ ರೆಸಿಸ್ಟರ್ ಕೊಡಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಸರ್. ಬಲ್ಬ್ ಹಾಕಿದೆ. ಈಗ ಕೀ ಆನ್ ಮಾಡಿದರೆ ಉರಿಯುತ್ತೆ, ಆದರೆ ಸ್ಟಾರ್ಟ್ ಆದ ಮೇಲೂ ಆರೋದೇ ಇಲ್ಲ. ಹಳೇ ಆಮೀಟರ್ ತೆಗೆಯೋಕೆ ಮನಸ್ಸೂ ಬರ್ತಿಲ್ಲ.

ಉತ್ತರ 2:
ಆಮೀಟರ್ ಜಾಗದಲ್ಲೇ ಇರಲಿ, ವೈರ್ ಮಾತ್ರ ಬೇಡ. ಮೀಟರ್ ಹೋದರೆ ಡ್ಯಾಶ್‌ಬೋರ್ಡಿನ ಅಂದವೇ ಹೋಗುತ್ತೆ. ವೋಲ್ಟ್‌ಮೀಟರ್ ಕೆಳಗಡೆ ಪಟ್ಟಿಯಲ್ಲಿ ಕೂರಿಸಿ.

ಬಲ್ಬಿನ ಹೋಲ್ಡರ್ ಬಿಚ್ಚಿ ನೋಡಿ. ಹೈ ಬೀಮ್ ಸೂಚನಾ ಲೈಟಿನ ಥರ ಒಂದೇ ವೈರ್ ಬಂದು, ಹೋಲ್ಡರಿನ ಲೋಹ ಡ್ಯಾಶ್‌ಬೋರ್ಡಿಗೆ ತಾಗಿ ಅರ್ತ್ ಆಗ್ತಿದ್ರೆ ಲೈಟ್ ಆರೋದೇ ಇಲ್ಲ, ಆಲ್ಟರ್ನೇಟರಿಗೂ ಏನೂ ಸಿಗಲ್ಲ. ಎರಡು ವೈರಿನ, ಬಾಡಿಗೆ ತಾಗದ ಹೋಲ್ಡರ್ ಬೇಕು: ಒಂದು ಇಗ್ನಿಷನ್‌ಗೆ, ಇನ್ನೊಂದು ಆಲ್ಟರ್ನೇಟರಿನ ಎಲ್ ಅಥವಾ ಡಿ ಪ್ಲಸ್ ಅಂತ ಬರೆದಿರೋ ಟರ್ಮಿನಲ್‌ಗೆ. ಹಾಗೆ ಹಾಕಿದ ಮೇಲೂ ಮಂದವಾಗಿ ಉರೀತಿದ್ರೆ, ಇಂಜಿನ್ ಓಡುವಾಗ ಬಲ್ಬಿನ ಎರಡೂ ಕಡೆ ವೋಲ್ಟೇಜ್ ಅಳೆದು ಇಲ್ಲಿ ಹಾಕಿ. ಇಗ್ನಿಷನ್ ಕಡೆ ಕಮ್ಮಿ ಇದ್ದರೆ ಸ್ವಿಚ್ಚಿನ ಕಾಂಟ್ಯಾಕ್ಟ್ ನೋಡಬೇಕು, ಆಲ್ಟರ್ನೇಟರ್ ಕಡೆ ಕಮ್ಮಿ ಇದ್ದರೆ ಅದರೊಳಗಿನ ಡಯೋಡ್ ನೋಡಬೇಕು.