ನಾಯಿ ಕೊಡಲು ಇಂಟರ್‌ವ್ಯೂ ಯಾಕೆ? ನಮ್ಮ ಮನೆ ಗುಂಪಿನ ಭಾನುವಾರದ ಜಗಳ

(ಗುಂಪಿನ ಹೆಸರು "ತಿಪಟೂರು ಬಳಗ". "ನಾನು" ಎಂದರೆ ಶ್ವೇತಾ. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಚಿಕ್ಕಪ್ಪನ ಒಪ್ಪಿಗೆ ಮಾತ್ರ ಸ್ವಲ್ಪ ಕಷ್ಟದಿಂದ ಸಿಕ್ಕಿತು. ನಡುವೆ ಬಂದ ಶುಭೋದಯದ ಹೂಗಳು, ಚಿನ್ನದ ರೇಟು, ಒಂದು ನಾಮಕರಣದ ಕರೆಯೋಲೆ, ಇವನ್ನೆಲ್ಲ ತೆಗೆದಿದ್ದೇನೆ.)

ನಾನು: [ಫೋಟೋ] "ದತ್ತು ಕೊಡಲು ಇದೆ. ಹೆಣ್ಣು, ಇಂಡಿ (ನಾಟಿ ನಾಯಿ), ಸುಮಾರು ಎಂಟು ತಿಂಗಳು. ಲಸಿಕೆ, ಸಂತಾನಹರಣ ಚಿಕಿತ್ಸೆ ಆಗಿದೆ. ಮನೆಯವರೆಲ್ಲರ ಒಪ್ಪಿಗೆ ಬೇಕು. ಬಾಡಿಗೆ ಮನೆಯಾದರೆ ಮಾಲೀಕರ ಪತ್ರ ಬೇಕು. ನಮ್ಮವರು ಬಂದು ಮನೆ ನೋಡುತ್ತಾರೆ. ಕಟ್ಟಿಹಾಕಲು, ಟೆರೇಸಿನಲ್ಲಿ ಬಿಡಲು, ಕಾವಲಿಗೆ ಕೊಡುವುದಿಲ್ಲ. ಸಾಕಲು ಆಗದಿದ್ದರೆ ಬೇರೆಯವರಿಗೆ ದಾಟಿಸದೆ ನಮಗೇ ವಾಪಸ್ ಕೊಡಬೇಕು."
ನನ್ನ ಗೆಳತಿ ಶನಿವಾರ, ಭಾನುವಾರ ಹೋಗಿ ಕೆಲಸ ಮಾಡುವ ಶೆಲ್ಟರ್‌ದು. ಯಾರಿಗಾದರೂ ಬೇಕಿದ್ದರೆ ಹೇಳಿ.

ಪ್ರಕಾಶ ಚಿಕ್ಕಪ್ಪ: ಬೀದಿನಾಯಿಗೆ ಇಷ್ಟು ಕಂಡೀಷನ್ನಾ! ನಮ್ಮ ಕಾಲದಲ್ಲಿ ಹೆಣ್ಣು ಕೊಡುವಾಗಲೂ ಇಷ್ಟು ವಿಚಾರಿಸುತ್ತಿರಲಿಲ್ಲ.

ವೀಣಾ ಚಿಕ್ಕಮ್ಮ: ವಿಚಾರಿಸಿದ್ದರೆ ಚೆನ್ನಾಗಿತ್ತು.

ಕಾರ್ತಿಕ್ (ಮ್ಯೂನಿಕ್): 😂😂

ಪ್ರಕಾಶ ಚಿಕ್ಕಪ್ಪ: ತಮಾಷೆ ಅಲ್ಲ. ಹೋದ ತಿಂಗಳು ನಾವೂ ಒಂದು ಶೆಲ್ಟರ್‌ಗೆ ಹೋಗಿದ್ದೆವು, ಹೆಸರು ಬೇಡ. ಊರಾಚೆ, ಮಣ್ಣಿನ ರಸ್ತೆ, ಮ್ಯಾಪ್ ನಂಬಿಕೊಂಡು ಹೋದರೆ ಯಾವುದೋ ಲೇಔಟಿನ ಕಾಂಪೌಂಡ್ ಗೋಡೆ ಮುಂದೆ ತಂದು ನಿಲ್ಲಿಸಿತು. ಒಳಗೆ ಹೋದರೆ ಬೊಗಳಾಟದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ಒಬ್ಬಳು ಹುಡುಗಿ, ಶ್ವೇತಾ ವಯಸ್ಸಿನವಳು, ಇಂಗ್ಲಿಷಿನಲ್ಲೇ ಶುರು ಮಾಡಿದಳು. ದಿನಕ್ಕೆ ಎಷ್ಟು ಗಂಟೆ ಮನೆ ಖಾಲಿ ಇರುತ್ತೆ, ಊರಿಗೆ ಹೋದರೆ ಯಾರು ನೋಡುತ್ತಾರೆ, ತಿಂಗಳಿಗೆ ಎಷ್ಟು ಖರ್ಚು ಮಾಡಬಲ್ಲಿರಿ, ಹಿಂದೆ ನಾಯಿ ಇತ್ತಾ, ಅದು ಹೇಗೆ ಸತ್ತಿತು. ಹೇಗೆ ಸತ್ತಿತು ಅಂತೆ! ಎಲ್ಲದಕ್ಕೂ ಉತ್ತರ ಕೊಟ್ಟೆ. ಕೊನೆಗೆ "ತಿಳಿಸುತ್ತೇವೆ ಅಂಕಲ್" ಎಂದಳು. ಇವತ್ತಿನವರೆಗೂ ಫೋನ್ ಇಲ್ಲ, ಮೆಸೇಜ್ ಇಲ್ಲ. ಸ್ವಂತ ಮನೆ, ಮುಂದೆ ಅಂಗಳ, ಇನ್ನೇನು ಬೇಕಂತೆ ಅವರಿಗೆ?

ನಾಗರಾಜ ದೊಡ್ಡಪ್ಪ: ಪ್ರಕಾಶ, ತೋಟಕ್ಕೆ ಬಾ. ನಮ್ಮ ಕೆಂಚಿ ಮರಿ ಹಾಕಿದೆ. ಬೇಕಾದ್ದು ಎತ್ತಿಕೊಂಡು ಹೋಗು, ಫಾರಂ ಇಲ್ಲ ಸಹಿ ಇಲ್ಲ. ಮುದ್ದೆ ಸಾರು ತಿಂದು ಬೆಳೆದವು, ಯಾವ ಡಾಕ್ಟರೂ ಬೇಡ. ಈ ಶೆಲ್ಟರ್, ದತ್ತು ಎಲ್ಲ ಈಗಿನವರ ಶೋಕಿ.

ಗಿರೀಶ್ ಭಾವ (ಅರಸೀಕೆರೆ): ಮಾವ, ಡಾಕ್ಟರ್ ಬೇಡ ಎಂದು ನನ್ನಂಥ ಪಶುವೈದ್ಯ ಇರುವ ಗುಂಪಿನಲ್ಲೇ ಬರೆದಿರಿ. ಆ ಮರಿಗಳಿಗೆ ಎಷ್ಟು ವಾರ? ಆರರಿಂದ ಎಂಟು ವಾರದೊಳಗೆ ಪಾರ್ವೋ, ಡಿಸ್ಟೆಂಪರ್ ಎಂಬ ಅಂಟುರೋಗಗಳ ಮೊದಲ ಚುಚ್ಚುಮದ್ದು ಆಗಬೇಕು, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ಬೂಸ್ಟರ್, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಪಾರ್ವೋ ಬಂದರೆ ವಾಂತಿ, ರಕ್ತಭೇದಿ, ಮರಿ ಎರಡು ಮೂರು ದಿನದಲ್ಲೇ ಹೋಗಿಬಿಡಬಹುದು. ಹೋದ ಸೂಲಿನ ಮರಿಗಳು ಎಷ್ಟು ಉಳಿದವು, ಹೇಳಿ?

ನಾಗರಾಜ ದೊಡ್ಡಪ್ಪ: ಎರಡು.

ಗಿರೀಶ್ ಭಾವ (ಅರಸೀಕೆರೆ): ಹುಟ್ಟಿದ್ದು?

ನಾಗರಾಜ ದೊಡ್ಡಪ್ಪ: ಅದೆಲ್ಲ ಪ್ರಕೃತಿ ಕಣಪ್ಪಾ.

ನಾನು: ದೊಡ್ಡಪ್ಪ, ಶೋಕಿ ಎಂದಿರಲ್ಲ, ಅದಕ್ಕೆ ಹೇಳುತ್ತೇನೆ. ಬೆಂಗಳೂರಿನಲ್ಲಿ ಕ್ಯೂಪಾ ಎಂಬ ಪ್ರಾಣಿ ರಕ್ಷಣೆಯ ಸಂಸ್ಥೆ ಶುರುವಾಗಿದ್ದು 1991ರಲ್ಲಿ. ಕಟ್ಟಿದವರು ಕ್ರಿಸ್ಟಲ್ ರಾಜರ್ಸ್ ಎಂಬ ಇಂಗ್ಲೆಂಡ್ ಮೂಲದ ಅಜ್ಜಿ, ಅದಕ್ಕೂ ಮೊದಲೇ 1980ರಲ್ಲಿ ಜೈಪುರದಲ್ಲಿ ಒಂದು ಪ್ರಾಣಿ ಆಸ್ಪತ್ರೆ ಕಟ್ಟಿದ್ದರು. ಕೇಂದ್ರದ ಪ್ರಾಣಿ ಕಲ್ಯಾಣ ಮಂಡಳಿ ಬಂದಿದ್ದು 1962ರಲ್ಲಿ, ಮೊದಲ ಅಧ್ಯಕ್ಷೆ ಭರತನಾಟ್ಯದ ರುಕ್ಮಿಣಿ ದೇವಿ ಅರುಂಡೇಲ್. ನಮ್ಮ ಪೀಳಿಗೆ ಹುಟ್ಟುವ ಮೊದಲಿನ ಮಾತು ಇದು.
ಚಿಕ್ಕಪ್ಪ, ಅವರು ಅಷ್ಟು ಕೇಳುವುದು ಸುಮ್ನೆ ಅಲ್ಲ. ಅಲ್ಲಿರುವ ನಾಯಿಗಳಲ್ಲಿ ಬೀದಿಯಿಂದ ಬಂದವು ಒಂದಷ್ಟು, ಮನೆಯಿಂದ ಬಂದವೂ ಇವೆ. ಲಾಕ್‌ಡೌನ್‌ನಲ್ಲಿ ಮಕ್ಕಳಿಗೆ ಹೊತ್ತು ಹೋಗಲಿ ಎಂದು ತಂದು, ಆಫೀಸು ಶುರುವಾದ ಮೇಲೆ ಬಿಟ್ಟವರು. ನಮ್ಮ ಸೆಕೆಗೆ ಚಳಿದೇಶದ ಹಸ್ಕಿ ನಾಯಿ ತಂದು ಒಂದೇ ಬೇಸಿಗೆಗೆ ಕೈ ಚೆಲ್ಲಿದವರು. ವರ್ಗಾವಣೆ, ಮಗು ಹುಟ್ಟಿತು, ಹೊಸ ಸೋಫಾ. ನಾಯಿ ಕರೆದುಕೊಂಡು ಹೋಗುವಾಗ ಎಲ್ಲರೂ "ನಮಗೆ ನಾಯಿ ಅಂದರೆ ಪ್ರಾಣ" ಎಂದೇ ಹೇಳಿದ್ದವರು, ಅಲ್ವಾ? ಹಾಗಾಗಿ ಪ್ರೀತಿ ಇದೆಯಾ ಎಂದು ಅವರು ಕೇಳುವುದಿಲ್ಲ. ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ನಾಯಿ ಎಲ್ಲಿರುತ್ತೆ, ಯಾರ ಜೊತೆ ಇರುತ್ತೆ ಎಂದು ಕೇಳುತ್ತಾರೆ. ಹಿಂದಿನ ನಾಯಿ ಹೇಗೆ ಸತ್ತಿತು ಎಂದಿದ್ದೂ ಅದಕ್ಕೇ. ಗೇಟು ತೆರೆದಿತ್ತು, ಗಾಡಿಗೆ ಸಿಕ್ಕಿತು ಎಂದರೆ ಆ ಗೇಟು ಈಗಲೂ ಹಾಗೇ ಇದೆಯಾ ಎಂದು ನೋಡಬೇಕಲ್ಲ.

ಕಾರ್ತಿಕ್ (ಮ್ಯೂನಿಕ್): ಚಿಕ್ಕಪ್ಪ ಇಲ್ಲಿಗೆ ಬಂದರೆ ಹುಚ್ಚೇ ಹಿಡಿಯುತ್ತೆ. ನನ್ನ ಜೊತೆ ಕೆಲಸ ಮಾಡುವವನು ಒಂದು ಮುದಿ ನಾಯಿ ತರಲು ಎಷ್ಟೋ ಸಲ ಹೋಗಿ ಅದನ್ನು ವಾಕಿಂಗ್ ಮಾಡಿಸಿ ಬಂದ, ಆಮೇಲೆ ಕೊಟ್ಟರು. ಮನೆ ಮಾಲೀಕನ ಒಪ್ಪಿಗೆ ಬೇಕು. ನಾಯಿ ಇಟ್ಟುಕೊಂಡಿದ್ದಕ್ಕೆ ನಗರಸಭೆಗೆ ವರ್ಷ ವರ್ಷ ತೆರಿಗೆ ಬೇರೆ.

ಪ್ರಕಾಶ ಚಿಕ್ಕಪ್ಪ: ಜರ್ಮನಿ ಕಥೆ ಬಿಡಪ್ಪ. ಅಲ್ಲಿ ಬೀದಿಯಲ್ಲಿ ನಾಯಿ ಇಲ್ಲ, ಕೊಡುವವರು ಬಿಗಿ ಮಾಡುತ್ತಾರೆ. ಇಲ್ಲಿ ನಮ್ಮ ರಸ್ತೆಯಲ್ಲಿ ರಾತ್ರಿ ಸ್ಕೂಟರ್ ಹಿಂದೆ ಓಡುವುದನ್ನು ನೋಡಿದ್ದೀಯಾ? ಇಷ್ಟು ನಾಯಿ ಇರುವ ಊರಿನಲ್ಲಿ ಒಬ್ಬ ಒಂದನ್ನು ಕರೆದುಕೊಂಡು ಹೋಗುತ್ತೇನೆ ಎಂದರೆ ಕೈ ಮುಗಿದು ಕೊಡಬೇಕು.

ವೀಣಾ ಚಿಕ್ಕಮ್ಮ: ಎಲ್ಲದಕ್ಕೂ ಉತ್ತರ ಕೊಟ್ಟೆ ಎಂದಿರಲ್ಲ, ಏನು ಕೊಟ್ಟಿರಿ ಅದನ್ನೂ ಬರೆಯಿರಿ.

ಪ್ರಕಾಶ ಚಿಕ್ಕಪ್ಪ: ಅದೆಲ್ಲ ಇಲ್ಲಿ ಯಾಕೆ

ವೀಣಾ ಚಿಕ್ಕಮ್ಮ: ಸರಿ ನಾನೇ ಬರೆಯುತ್ತೇನೆ. ನಾಯಿ ಎಲ್ಲಿ ಮಲಗುತ್ತೆ ಎಂದು ಕೇಳಿದಳು. ಇವರು "ಟೆರೇಸಿನಲ್ಲಿ, ನೀರಿನ ಟ್ಯಾಂಕ್ ನೆರಳು ಇದೆ" ಎಂದರು. ಹಗಲು? "ಗೇಟ್ ಹತ್ತಿರ ಚೈನ್ ಹಾಕುತ್ತೇವೆ, ಕೊರಿಯರ್‌ನವರು ಬರುತ್ತಾರಲ್ಲ." ಅಲ್ಲಿಗೇ ಆ ಹುಡುಗಿ ಪೆನ್ನು ಕೆಳಗಿಟ್ಟಳು, ನಾನು ನೋಡಿದೆ. ಆಮೇಲೆ ಮನೆಯಲ್ಲಿ ಇನ್ನು ಯಾರಿದ್ದಾರೆ ಎಂದಳು, ಅಮ್ಮ ಇದ್ದಾರೆ ಎಂದೆವು. ಅಮ್ಮನ ಹತ್ತಿರ ಒಂದು ಮಾತು ಆಡಬಹುದಾ ಎಂದು ಫೋನ್ ಮಾಡಿಸಿದಳು. ಅಮ್ಮ ಫೋನಿನಲ್ಲಿ "ಯಾವ ನಾಯಿ?" ಎಂದರು.

ಕಾರ್ತಿಕ್ (ಮ್ಯೂನಿಕ್): ಚಿಕ್ಕಪ್ಪಾ!!!

ಅನಿತಾ ಅತ್ತೆ (ಮೈಸೂರು): ಪ್ರಕಾಶ, ಇಬ್ಬರೂ ಎಂಟು ಗಂಟೆಗೆ ಮನೆ ಬಿಡುತ್ತೀರಿ. ಹಗಲೆಲ್ಲ ನಾಯಿ ಜೊತೆ ಇರಬೇಕಾದವರು ಅಮ್ಮ, ಅಮ್ಮನಿಗೇ ಗೊತ್ತಿಲ್ಲ. ನಾನಾದರೂ ಕೊಡುತ್ತಿರಲಿಲ್ಲ.
ಆದರೆ ಒಂದು ವಿಷಯದಲ್ಲಿ ಪ್ರಕಾಶ ಹೇಳಿದ್ದು ಸರಿ. ಬೇಡ ಎಂದರೆ ಬೇಡ ಎನ್ನಬೇಕು, ಯಾಕೆ ಎಂದೂ ಹೇಳಬೇಕು. ನಾವು ಬೆಕ್ಕು ತರಲು ಹೋದಾಗ ಬಾಲ್ಕನಿಗೆ ಬಲೆ ಹಾಕಿಸಿ ಫೋಟೋ ಕಳಿಸಿ, ಆಮೇಲೆ ಕೊಡುತ್ತೇವೆ ಎಂದರು. ಮೂರನೇ ಮಹಡಿ, ಪಾರಿವಾಳ ಹಿಡಿಯಲು ಹಾರಿ ಬಿದ್ದ ಬೆಕ್ಕುಗಳ ಕಥೆ ಹೇಳಿದರು. ಸಿಟ್ಟೇನೂ ಬರಲಿಲ್ಲ, ಬಲೆ ಹಾಕಿಸಿದೆವು, ಬೆಕ್ಕು ಬಂತು. "ತಿಳಿಸುತ್ತೇವೆ" ಎಂದು ಸುಮ್ಮನಿದ್ದರೆ ಮನುಷ್ಯ ನೇರ ಅಂಗಡಿಗೆ ಹೋಗುತ್ತಾನೆ ಅಷ್ಟೇ.

ಪ್ರಕಾಶ ಚಿಕ್ಕಪ್ಪ: ಅದೇ ಮಾಡುತ್ತೇನೆ ಅಕ್ಕ. ದುಡ್ಡು ಕೊಟ್ಟರೆ ಲ್ಯಾಬ್ರಡಾರ್ ಮರಿ ಮನೆ ಬಾಗಿಲಿಗೆ ಬರುತ್ತೆ. ಯಾರೂ ಅಮ್ಮನಿಗೆ ಫೋನ್ ಮಾಡುವುದಿಲ್ಲ.

ಗಿರೀಶ್ ಭಾವ (ಅರಸೀಕೆರೆ): ಚಿಕ್ಕಮಾವ, ಕೊಳ್ಳುವುದಾದರೆ ಎರಡು ಕೇಳಿ. ಒಂದು, ಮರಿ ಹಾಕಿಸಿ ಮಾರುವವನಿಗೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಇದೆಯಾ. 2017ರ ನಿಯಮದ ಪ್ರಕಾರ ಅದು ಬೇಕೇ ಬೇಕು. ಎರಡು, ಮರಿಗೆ ಎಂಟು ವಾರ ತುಂಬಿದೆಯಾ, ಅದಕ್ಕೆ ಮೊದಲು ಮಾರುವಂತಿಲ್ಲ. ಆಮೇಲೆ ತಾಯಿ ನಾಯಿಯನ್ನು ತೋರಿಸು ಎನ್ನಿ. ತೋರಿಸದಿದ್ದರೆ ವಾಪಸ್ ಬನ್ನಿ. ಸೂಲಿನ ಮೇಲೆ ಸೂಲು ಹಾಕಿಸಿ ಕೆಲಸಕ್ಕೆ ಬಾರದು ಎಂದಾಗ ಹೆದ್ದಾರಿ ಪಕ್ಕ ಬಿಟ್ಟ ಲ್ಯಾಬ್ರಡಾರ್‌ಗಳನ್ನು ನಾನೇ ನೋಡಿದ್ದೇನೆ. ಮೊಲೆಯಲ್ಲಿ ಗೆಡ್ಡೆ, ಮೈತುಂಬ ಉಣ್ಣಿ, ಉಣ್ಣಿಯಿಂದ ಜ್ವರ.

ನಾಗರಾಜ ದೊಡ್ಡಪ್ಪ: ಲ್ಯಾಬ್ ಯಾಕೆ, ನಮ್ಮದೇ ಮುಧೋಳ ನಾಯಿ ತನ್ನಿ. 2005ರಲ್ಲಿ ಅಂಚೆ ಚೀಟಿಯಲ್ಲೇ ಬಂತು. ಸೈನ್ಯದವರೂ ತರಬೇತಿ ಕೊಟ್ಟರು.

ಗಿರೀಶ್ ಭಾವ (ಅರಸೀಕೆರೆ): ಬೇಟೆ ನಾಯಿ ಮಾವ ಅದು. ಬಾಗಲಕೋಟೆಯ ಬಯಲಲ್ಲಿ ಮೊಲ ಅಟ್ಟಿಸಿಕೊಂಡು ಓಡುವ ತಳಿ. ಚಿಕ್ಕಮಾವನ ರಾಜಾಜಿನಗರದ ಅಂಗಳದಲ್ಲಿ ಎಲ್ಲಿಗೆ ಓಡಬೇಕು?

ನಾಗರಾಜ ದೊಡ್ಡಪ್ಪ: ಹಾಗಾದರೆ ಬೀದಿಯವನ್ನೆಲ್ಲ ಶೆಲ್ಟರ್‌ಗೆ ಹಾಕಿ ಮುಗಿಸಲಿ. ಸುಪ್ರೀಂ ಕೋರ್ಟೇ ಹೇಳಿತಲ್ಲ.

ನಾನು: ಅರ್ಧ ಕೇಳಿಸಿಕೊಂಡಿದ್ದೀರಿ ದೊಡ್ಡಪ್ಪ. 2025ರ ಆಗಸ್ಟ್ 11ಕ್ಕೆ ದೆಹಲಿಯ ನಾಯಿಗಳನ್ನೆಲ್ಲ ಹಿಡಿದು ಶೆಲ್ಟರ್‌ಗೆ ಹಾಕಿ ಎಂದಿತು. ಆಗಸ್ಟ್ 22ಕ್ಕೆ ಬದಲಾಯಿಸಿತು. ಸಂತಾನಹರಣ, ಲಸಿಕೆ ಮಾಡಿ ಹಿಡಿದ ಜಾಗಕ್ಕೇ ಬಿಡಬೇಕು, ರೇಬೀಸ್ ಇರುವ, ಮೈಮೇಲೆ ಬೀಳುವ ನಾಯಿಗಳನ್ನು ಬಿಟ್ಟು. 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮದಲ್ಲಿ ಇರುವುದೂ ಹೀಗೆಯೇ. ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ತೆಗೆದವನ್ನು ಮಾತ್ರ ಅಲ್ಲಿಗೇ ವಾಪಸ್ ಬಿಡಬೇಡಿ ಎಂದಿತು. ಆಗಸ್ಟಿನ ಆದೇಶದಲ್ಲಿ ಇನ್ನೊಂದು ಸಾಲು ಇದೆ, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಬೀದಿನಾಯಿಯನ್ನು ದತ್ತು ತೆಗೆದುಕೊಳ್ಳಬೇಕೆಂದರೆ ಪಾಲಿಕೆಗೆ ಅರ್ಜಿ ಹಾಕಬಹುದು, ಆದರೆ ತೆಗೆದುಕೊಂಡ ಮೇಲೆ ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆ ತೆಗೆದುಕೊಂಡವರದು. ಪೋಸ್ಟರಿನಲ್ಲಿರುವ ಕೊನೆಯ ಷರತ್ತಿಗೂ ಇದಕ್ಕೂ ಏನು ವ್ಯತ್ಯಾಸ?

ಪ್ರಕಾಶ ಚಿಕ್ಕಪ್ಪ: ಸರಿ ಲಾಯರ್ ಮೇಡಂ. ಈಗ ನನ್ನದೊಂದು ಪ್ರಶ್ನೆ. ನಮ್ಮ ರಸ್ತೆ ಮೂಲೆಯಲ್ಲಿ ಹೂ ಮಾರುವ ಅಮ್ಮ ಇದ್ದಾರೆ, ನಿನಗೂ ಗೊತ್ತು. ಮೂರು ನಾಯಿಗೆ ದಿನಾ ಅನ್ನ ಹಾಕುತ್ತಾರೆ. ಒಂದಕ್ಕೆ ಕಾಲು ಮುರಿದಾಗ ಆಟೋದಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದವರು ಅವರೇ. ಅವರು ನಿನ್ನ ಶೆಲ್ಟರ್‌ಗೆ ಹೋದರೆ ನಾಯಿ ಕೊಡುತ್ತಾರಾ? ಒಂದು ಕೋಣೆಯ ಬಾಡಿಗೆ ಮನೆ, ಫಾರಂ ಇಂಗ್ಲಿಷಿನಲ್ಲಿ, ತಿಂಗಳ ಖರ್ಚು ಎಷ್ಟು ಮಾಡುತ್ತೀರಿ ಎಂಬ ಪ್ರಶ್ನೆ. ಹೊಸ ಫ್ಲ್ಯಾಟಿನ ಗಂಡ ಹೆಂಡತಿಗೆ ಕೊಡುತ್ತಾರೆ. ನೀನೇ ಹೇಳಿದೆಯಲ್ಲ, ಲಾಕ್‌ಡೌನ್‌ನಲ್ಲಿ ತಂದು ಬಿಟ್ಟವರು ಯಾರು, ಹೂ ಮಾರುವವರಾ?

ಅನಿತಾ ಅತ್ತೆ (ಮೈಸೂರು): ಇದು ಪಾಯಿಂಟ್.

ಕಾರ್ತಿಕ್ (ಮ್ಯೂನಿಕ್): ಶ್ವೇತಕ್ಕ ಟೈಪಿಂಗ್... ಟೈಪಿಂಗ್... ಟೈಪಿಂಗ್...

ನಾನು: ಇರೋ. ಫಾರಂ ಫ್ಲ್ಯಾಟಿನವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದಾರೆ, ನಿಜ. ಕನ್ನಡದಲ್ಲಿ ಮಾತಾಡುವವರು ಇಲ್ಲದಿದ್ದರೆ ನಾಯಿ ನೋಡಿಕೊಳ್ಳುವುದು ಗೊತ್ತಿರುವ ಎಷ್ಟೋ ಜನ ಗೇಟಿನಿಂದಲೇ ವಾಪಸ್ ಹೋಗುತ್ತಾರೆ. ಗೆಳತಿಗೆ ಇದನ್ನು ಹೀಗೇ ಕಳಿಸುತ್ತೇನೆ. ಆದರೆ ಚಿಕ್ಕಪ್ಪ, ಆ ಅಮ್ಮನ ಉದಾಹರಣೆ ಕೊಟ್ಟು ನಿಮ್ಮ ಚೈನು ಪಾಸ್ ಮಾಡಿಸಬೇಡಿ. ಅವರ ನಾಯಿಗಳು ಅವರ ಪಕ್ಕದಲ್ಲೇ ಮಲಗುತ್ತವೆ.

ವೀಣಾ ಚಿಕ್ಕಮ್ಮ: 👏

ಪ್ರಕಾಶ ಚಿಕ್ಕಪ್ಪ: ಎಲ್ಲರೂ ಸೇರಿ ಒಬ್ಬನನ್ನೇ ಹಿಡಿದುಕೊಂಡಿದ್ದೀರಿ.

ಶಾರದಜ್ಜಿ: [ವಾಯ್ಸ್ ಮೆಸೇಜ್. ಕೇಳಿ ನಾನು ಟೈಪ್ ಮಾಡಿದ್ದು] ವೀಣಾ ಎಲ್ಲ ಓದಿ ಹೇಳಿದಳು. ನಾನು ನಾಯಿ ಬೇಡ ಎಂದಿಲ್ಲ. ಕೇಳಲೇ ಇಲ್ಲವಲ್ಲ ಎಂದೆ, ಅಷ್ಟೇ. ಮರಿ ಮಾತ್ರ ಬೇಡ. ಉಚ್ಚೆ ಒರೆಸಲು ಬಗ್ಗಿದರೆ ನನ್ನ ಮಂಡಿ ಮೇಲೇಳುವುದಿಲ್ಲ. ಬಲಿತಿದ್ದು, ಜಾಸ್ತಿ ಕುಣಿಯದ್ದು, ಮಧ್ಯಾಹ್ನ ನಾನು ಮಲಗಿದಾಗ ತಾನೂ ಮಲಗುವಂಥದ್ದು ಸಿಗುತ್ತಾ ಕೇಳಿ. ಅಡುಗೆಮನೆಗೆ ಬರಬಾರದು. ದೇವರ ಕೋಣೆಯ ಮಾತು ಆಮೇಲೆ ನೋಡೋಣ.

ಗಿರೀಶ್ ಭಾವ (ಅರಸೀಕೆರೆ): ಅಜ್ಜಿ ಹೇಳಿದ್ದೇ ಸರಿ. ಎಲ್ಲರೂ ಮರಿ ಕೇಳುತ್ತಾರೆ. ಐದಾರು ವರ್ಷದ ನಾಯಿಯಾದರೆ ಎಷ್ಟು ಎತ್ತರ ಬೆಳೆಯುತ್ತೆ, ಮಕ್ಕಳ ಹತ್ತಿರ ಹೇಗಿರುತ್ತೆ ಎಲ್ಲ ಮೊದಲೇ ಗೊತ್ತಾಗಿರುತ್ತೆ. ಬಂದ ಹೊಸದರಲ್ಲಿ ಮೂಲೆ ಹಿಡಿದು ಕೂತರೆ, ಊಟ ಬಿಟ್ಟರೆ ಗಾಬರಿ ಬೇಡ, ಹೊಂದಿಕೊಳ್ಳಲು ಕೆಲವಕ್ಕೆ ತಿಂಗಳುಗಳೇ ಬೇಕು. ನೆಂಟರನ್ನೆಲ್ಲ ಕರೆದು ತೋರಿಸಬೇಡಿ. ದೀಪಾವಳಿ ಹತ್ತಿರ ಇದ್ದರೆ ಹಬ್ಬ ಕಳೆದು ತನ್ನಿ. ಹೊಸ ಮನೆಯಲ್ಲಿ ಪಟಾಕಿ ಸದ್ದು ಕೇಳಿದರೆ ಓಡಿಹೋಗಿಬಿಡುತ್ತವೆ, ದಾರಿಯೂ ಗೊತ್ತಿರುವುದಿಲ್ಲ. ಅಜ್ಜಿ, ಸಾರಿನ ಈರುಳ್ಳಿ ಹಾಕಬೇಡಿ, ದ್ರಾಕ್ಷಿಯೂ ಬೇಡ, ಅವಕ್ಕೆ ವಿಷ.

ಶಾರದಜ್ಜಿ: [ವಾಯ್ಸ್ ಮೆಸೇಜ್] ನಮ್ಮ ಮನೆ ಸಾರಿಗೆ ಈರುಳ್ಳಿ ಯಾವಾಗಪ್ಪ ಹಾಕಿದ್ದೆವು?

ನಾನು: ಅಜ್ಜಿ, ಗೆಳತಿ ಹತ್ತಿರ ಕೇಳಿದೆ. ಏಳು ವರ್ಷದ ಹೆಣ್ಣು ನಾಯಿ ಒಂದಿದೆಯಂತೆ. ಸಾಕಿದವರು ವಿದೇಶಕ್ಕೆ ಹೋಗುವಾಗ ಬಿಟ್ಟಿದ್ದು. ಬಂದವರೆಲ್ಲ ಅದರ ವಯಸ್ಸು ಕೇಳಿ ಮುಂದಿನ ಗೂಡಿಗೆ ಹೋಗುತ್ತಾರಂತೆ. ಭಾನುವಾರ ಕನ್ನಡದಲ್ಲಿ ಮಾತಾಡುವವರು ಇರುತ್ತಾರೆ.

ಪ್ರಕಾಶ ಚಿಕ್ಕಪ್ಪ: ಏಳು ವರ್ಷದ್ದು ಬೊಗಳುತ್ತಾ?

ವೀಣಾ ಚಿಕ್ಕಮ್ಮ: ಕೊರಿಯರ್‌ನವರನ್ನು ನೋಡಿಕೊಳ್ಳಲು ನಾನಿದ್ದೇನೆ. ಶ್ವೇತಾ, ಭಾನುವಾರ ಹತ್ತು ಗಂಟೆ ಎಂದು ಹೇಳು. ಅಮ್ಮನನ್ನೂ ಕರೆದುಕೊಂಡು ಬರುತ್ತೇವೆ. ಈ ಸಲ ಪ್ರಶ್ನೆಗೆ ಉತ್ತರ ಕೊಡುವವಳು ನಾನು, ಇವರು ಗಾಡಿ ಓಡಿಸಿದರೆ ಸಾಕು.

ನಾಗರಾಜ ದೊಡ್ಡಪ್ಪ: ಗಿರೀಶ, ಆ ಎಂಟು ವಾರದ ಇಂಜೆಕ್ಷನ್ ಅರಸೀಕೆರೆಗೇ ಬರಬೇಕಾ, ತಿಪಟೂರಿನಲ್ಲೂ ಸಿಗುತ್ತಾ?